ನೊಸಾಕಾ ಬೀಳಲಿಲ್ಲ

ಒಂಟಿಯಾಗಿ ಹಾಯಿದೋಣಿ ನಡೆಸುವವನಿಗೆ ಸಮುದ್ರ ಹಾಕಿರುವ ಕಟ್ಟಳೆ ಒಂದೇ: ಚುಕ್ಕಾಣಿಯಿಂದ ಕೈ ತೆಗೆಯಬಾರದು. ನಮ್ಮ ದ್ವೀಪ ಹಾಕಿರುವ ಕಟ್ಟಳೆಯೂ ಒಂದೇ: ಎದುರಿಗೆ ಹಿರಿಯರು ಸಿಕ್ಕರೆ ಎರಡೂ ಕೈ ತೊಡೆಗೆ ಅಂಟಿಸಿ, ಸೊಂಟದಿಂದ ಬಗ್ಗಿ ನಮಸ್ಕರಿಸಬೇಕು. ಈ ಎರಡು ಕಟ್ಟಳೆಗಳು ಸಾವಿರ ವರ್ಷ ಒಂದರ ತಂಟೆಗೆ ಇನ್ನೊಂದು ಹೋಗದೆ ಸುಖವಾಗಿದ್ದವು. ಅವೆರಡನ್ನೂ ನಡುನೀರಿನಲ್ಲಿ ಡಿಕ್ಕಿ ಹೊಡೆಸಿದ ಕೀರ್ತಿ ಕ್ಷೌರದಂಗಡಿಯ ನೊಸಾಕಾ ಹಿದೆಯೊಗೆ ಸಲ್ಲಬೇಕು.

ದ್ವೀಪದ ಗಂಡಸರಲ್ಲಿ ಎರಡೇ ಬಗೆ: ಸಮುದ್ರದಲ್ಲಿ ತೆಪ್ಪ ಕಟ್ಟಿ ಸಿಂಪಿ ಬೆಳೆಯುವವರು, ಮತ್ತು ಅವರ ಗಡ್ಡ ಹೆರೆಯುವ ನೊಸಾಕಾ. ಮೂವತ್ತೈದು ವರ್ಷ ಅವನು ಅವರ ಸಮುದ್ರದ ಕತೆಗಳಿಗೆ ಹೂಂಗುಟ್ಟುತ್ತ ಕತ್ತರಿ ಆಡಿಸಿದ್ದ. ಅರವತ್ತೊಂದಕ್ಕೆ ಕಾಲಿಟ್ಟ ವರ್ಷ ಯಾರನ್ನೂ ಕೇಳದೆ ಹನ್ನೆರಡು ಅಡಿಯ ಹಳೇ ಹಾಯಿದೋಣಿಯೊಂದನ್ನು ಕೊಂಡು ತಂದ. ಕ್ಷೌರದಂಗಡಿಗಳಿಗೆಲ್ಲ ಸೋಮವಾರ ರಜೆ. ಇನ್ನು ಮುಂದೆ ಸೋಮವಾರಗಳಂದು ತಾನೂ ಸಮುದ್ರದವನೇ ಎಂದು ಮನೆಯಲ್ಲಿ ಘೋಷಿಸಿದ.

"ಕೂದಲು ಕತ್ತರಿಸೋರಿಗೆ ಸಮುದ್ರದಲ್ಲಿ ಏನ್ರೀ ಕೆಲಸ?" ಎಂದಳು ಹೆಂಡತಿ ಯೊಶಿನೊ. "ಮೀನಿಗೇನು ಕೂದಲಿದ್ಯಾ?"

"ಗಾಳಿ ಇದೆ," ಎಂದ ನೊಸಾಕಾ. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮೂರನೇ ಸೋಮವಾರ ಅನಾಹುತವಾಯಿತು. ದೋಣಿ ಚೆನ್ನಾಗಿಯೇ ಹೋಗುತ್ತಿತ್ತು. ಎದುರಿನಿಂದ ಮೀನುಗಾರರ ಸಂಘದ ಅಧ್ಯಕ್ಷರಾದ ದೊಯಿಯವರ ಎಂಜಿನ್ ದೋಣಿ ಬಂತು. ದೊಯಿಯವರಿಗೆ ಎಪ್ಪತ್ತು ವರ್ಷ. ಬಂದರಿನಲ್ಲಿ ಯಾರ ದೋಣಿಯನ್ನು ಯಾವ ಗೂಟಕ್ಕೆ ಕಟ್ಟಬೇಕೆಂದು ತೀರ್ಮಾನಿಸುವವರು ಅವರೇ. ನೊಸಾಕಾನಿಗೆ ಚರಂಡಿಯ ಬಾಯಿಯ ಪಕ್ಕದ ಕೊನೇ ಗೂಟವನ್ನು ದಯಪಾಲಿಸಿದ್ದವರೂ ಅವರೇ. ಇಂಥವರನ್ನು ಕಂಡಮೇಲೆ ನೊಸಾಕಾನ ಕೈಗಳು ಅವನ ಅಪ್ಪಣೆಗೆ ಕಾಯುತ್ತವೆಯೇ? ತಾವಾಗಿಯೇ ಚುಕ್ಕಾಣಿಯ ಕೋಲು ಬಿಟ್ಟು ತೊಡೆಗೆ ಬಂದು ಅಂಟಿಕೊಂಡವು. ಅವನು ಬಗ್ಗಿದ. ಅಧ್ಯಕ್ಷರಾದ್ದರಿಂದ ಸ್ವಲ್ಪ ಹೆಚ್ಚೇ ಬಗ್ಗಿದ. ತಲೆ ಮೇಲೆತ್ತುವಷ್ಟರಲ್ಲಿ ದೋಣಿ ಗಿರಕಿ ಹೊಡೆದು ಸಿಂಪಿ ಬೆಳೆಯುವ ಬಿದಿರಿನ ತೆಪ್ಪವೊಂದಕ್ಕೆ ಗುದ್ದಿತ್ತು. ತೆಪ್ಪ ದೊಯಿಯವರದು.

"ಏನೋ ಮಾಡ್ತಿದ್ದೀಯ, ನೊಸಾಕಾ?" ಎಂದು ದೊಯಿ ಕೂಗಿದರು.

"ತಪ್ಪಾಯ್ತು ಅಧ್ಯಕ್ಷರೇ," ಎಂದು ನೊಸಾಕಾ ಕ್ಷಮೆ ಕೇಳಲು ಮತ್ತೊಮ್ಮೆ ಬಗ್ಗಿದ. ದೋಣಿ ಹೋಗಿ ಎರಡನೇ ತೆಪ್ಪಕ್ಕೆ ಗುದ್ದಿತು. ಅದೂ ದೊಯಿಯವರದೇ.

ಆಮೇಲೆ ಎರಡು ವಾರ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಕುರ್ಚಿಯಲ್ಲಿ ಮಲಗಿದ ಒಬ್ಬೊಬ್ಬ ಗಿರಾಕಿಯೂ ಕತ್ತಿ ಕಂಡಕೂಡಲೇ, "ನೊಸಾಕಾಸಾನ್, ನಾನು ಎದ್ದು ಹೋಗೋತನಕ ಯಾರು ಬಂದ್ರೂ ಬಗ್ಗಬೇಡಿ," ಎನ್ನುತ್ತಿದ್ದ. ದೊಯಿಯವರಂತೂ ಮುಖದ ಮೇಲೆ ಬಿಸಿ ಟವೆಲ್ ಹಾಕಿಸಿಕೊಂಡೇ ತೀರ್ಪು ಕೊಟ್ಟರು. "ಸಮುದ್ರಕ್ಕೆ ಇಬ್ಬರು ಬೇಕು ಕಣೋ. ಒಬ್ಬ ಚುಕ್ಕಾಣಿಗೆ, ಒಬ್ಬ ಮರ್ಯಾದೆಗೆ. ಒಬ್ಬನೇ ಹೋಗೋನು ಎರಡರಲ್ಲಿ ಒಂದು ಕಳ್ಕೋತಾನೆ."

ಮೂವತ್ತೈದು ವರ್ಷದಲ್ಲಿ ಯಾವ ಗಿರಾಕಿಯ ಮಾತೂ ನೊಸಾಕಾನಿಗೆ ತಾಗಿರಲಿಲ್ಲ. ಇದು ತಾಗಿತು. ಎರಡನ್ನೂ ಕಳೆದುಕೊಳ್ಳದೆ ಒಬ್ಬನೇ ಹೋಗಿ ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಪಣ ತೊಟ್ಟ.

ಪಣ ತೊಡುವುದು ಸುಲಭ. ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದು ಕಟ್ಟಿದರೆ ಗಾಳಿ ಸ್ವಲ್ಪ ಏರಿದರೂ ದೋಣಿ ಮೂತಿ ತಿರುಗಿಸುತ್ತಿತ್ತು. ಕಟ್ಟದೆ ಬಿಟ್ಟರೆ ಕೇಳುವುದೇ ಬೇಡ. ಐದು ಸೋಮವಾರ ಹೀಗೆ ಒದ್ದಾಡಿದ ಮೇಲೆ ಅವನಿಗೆ ಹೊಳೆಯಿತು: ಚುಕ್ಕಾಣಿಗೆ ಬೇಕಾದದ್ದು ಗಟ್ಟಿ ಕೈಯಲ್ಲ, ಕೊಟ್ಟು ತೆಗೆದುಕೊಳ್ಳುವ ಕೈ. ಹಾಯಿಯನ್ನು ಹಿಡಿದಿರುವ ಹಗ್ಗದಿಂದ ಒಂದು ಎಳೆ ತಂದು ಚುಕ್ಕಾಣಿಯ ಕೋಲಿಗೆ ಗಾಳಿ ಬರುವ ಕಡೆಯಿಂದ ಕಟ್ಟಿದ. ಇನ್ನೊಂದು ಕಡೆಗೆ ಸೈಕಲ್ಲಿನ ಹಳೇ ಟ್ಯೂಬ್ ಸೀಳಿ ಕಟ್ಟಿದ. ಗಾಳಿ ಜೋರಾದರೆ ಹಾಯಿಯ ಹಗ್ಗ ಕೋಲನ್ನು ತನ್ನ ಕಡೆ ಎಳೆಯಿತು. ಗಾಳಿ ಇಳಿದರೆ ರಬ್ಬರು ತನ್ನ ಕಡೆ ಎಳೆಯಿತು. ಇಬ್ಬರ ಜಗಳದಲ್ಲಿ ದೋಣಿ ನೂಲು ಹಿಡಿದಂತೆ ನೆಟ್ಟಗೆ ಹೋಯಿತು. ನೊಸಾಕಾ ಎರಡೂ ಕೈ ಮೇಲೆತ್ತಿಕೊಂಡು ಕುಳಿತ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಕತ್ತರಿ ಹಿಡಿಯುವುದನ್ನು ಅವನಿಗೆ ಅಪ್ಪ ಕಲಿಸಿದ್ದ, ಮದುವೆಯನ್ನು ಚಿಕ್ಕಮ್ಮ ಮಾಡಿಸಿದ್ದಳು. ಇದೊಂದು ಮಾತ್ರ ಅವನು ತಾನೇ ಮಾಡಿದ್ದು.

ಮುಂದಿನ ಸೋಮವಾರ ಅವನು ಹೀಗೆ ಚುಕ್ಕಾಣಿ ಕಟ್ಟಿ, ಬಂದರಿನ ಎದುರಿನಲ್ಲೇ ದೋಣಿಯನ್ನು ನಡೆಯಲು ಬಿಟ್ಟು, ಗಾಳಿ ತಾಗದಂತೆ ತಳದಲ್ಲಿ ಕುಳಿತು ಬುತ್ತಿ ಬಿಚ್ಚಿದ. ಎರಡು ಅನ್ನದುಂಡೆ ತಿಂದ. ಕಣ್ಣು ಮುಚ್ಚಿ ನೂರು ಎಣಿಸುವಷ್ಟು ಹೊತ್ತು ದೋಣಿ ನೆಟ್ಟಗೆ ಹೋಗುತ್ತದೆಯೋ ನೋಡೋಣವೆಂದು ಅಂಗಾತ ಮಲಗಿದ. ಅರವತ್ತರ ಆಸುಪಾಸಿನಲ್ಲಿ ಎಣಿಕೆ ನಿಂತು ಗೊರಕೆ ಶುರುವಾಯಿತು. ಒಂಟಿ ನಾವಿಕನೊಬ್ಬ ಚುಕ್ಕಾಣಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಕೊಡಲಾರ.

ಆ ಹೊತ್ತಿಗೆ ತಡೆಗೋಡೆಯ ಮೇಲೆ ಸಣ್ಣ ಮೀನು ಒಣಹಾಕುತ್ತಿದ್ದ ಮಸುಯೊ ಅಜ್ಜಿ ತಲೆಯೆತ್ತಿ ನೋಡಿದಳು. ನೊಸಾಕಾನ ದೋಣಿ ಹೋಗುತ್ತಿದೆ. ಒಳಗೆ ನೊಸಾಕಾ ಇಲ್ಲ. ಅಜ್ಜಿಗೆ ಎಂಬತ್ತಾರು ವರ್ಷವಾದರೂ ಆವತ್ತು ತಡೆಗೋಡೆಯಿಂದ ಪೊಲೀಸ್ ಚೌಕಿಗೆ ಓಡಿದ ವೇಗವನ್ನು ಊರಿನ ಶಾಲೆಯಲ್ಲಿ ಇಂದಿಗೂ ಆಟದ ದಿನ ನೆನೆಯುತ್ತಾರೆ. ಎರಡು ನಿಮಿಷದಲ್ಲಿ ಊರಿನ ಕಂಬಕಂಬದ ಧ್ವನಿವರ್ಧಕವೂ ಒದರತೊಡಗಿತು: ಕ್ಷೌರದಂಗಡಿಯ ನೊಸಾಕಾ ಸಮುದ್ರಕ್ಕೆ ಬಿದ್ದಿದ್ದಾರೆ, ದೋಣಿ ಇದ್ದವರೆಲ್ಲ ಹೊರಡಿ. ಹನ್ನೊಂದು ದೋಣಿಗಳು ಸಿಂಪಿ ಕೆಲಸ ಬಿಟ್ಟು ಹೊರಟವು.

ಎಂಜಿನ್ ಸದ್ದಿಗೆ ನೊಸಾಕಾನಿಗೆ ಎಚ್ಚರವಾಯಿತು. ಎದ್ದು ಕುಳಿತರೆ ನಾಲ್ಕು ಮಾರು ದೂರದಲ್ಲಿ ಅಧ್ಯಕ್ಷರು. ಅವನು ಇಂಥ ದಿನಕ್ಕಾಗಿಯೇ ಕಾದಿದ್ದ. ಎದ್ದು ನಿಂತು, ಎರಡೂ ಕೈ ತೊಡೆಗೆ ಅಂಟಿಸಿ, ಸಾವಕಾಶವಾಗಿ, ಪೂರ್ತಿಯಾಗಿ ಬಗ್ಗಿದ. ಚುಕ್ಕಾಣಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಆದರೆ ಅದನ್ನು ನೋಡುವ ವ್ಯವಧಾನ ಯಾರಿಗಿತ್ತು?

"ಸಿಕ್ಕಿದ," ಎಂದು ದೊಯಿ ಗರ್ಜಿಸಿದರು. "ಎಳೀರಿ ಮೇಲಕ್ಕೆ."

"ಯಾಕೆ ಅಧ್ಯಕ್ಷರೇ? ನಾನು ಬಿದ್ದಿಲ್ಲ."

"ಬಿದ್ದೋರೆಲ್ಲ ಹಾಗೇ ಹೇಳೋದು. ಭಯಕ್ಕೆ ಹಾಗಾಗತ್ತೆ. ಹಿಡ್ಕೊಳ್ರೋ ಅವನ್ನ."

ನಾಲ್ವರು ಅವನ ಕತ್ತುಪಟ್ಟಿ ಹಿಡಿದು ತಮ್ಮ ದೋಣಿಗೆ ಎಳೆದುಕೊಂಡರು. ಎಳೆಯುವಾಗ ಅವನ ಎಡಗಾಲು ನೀರಿಗೆ ಜಾರಿ ಮೊಣಕಾಲಿನವರೆಗೆ ನೆನೆಯಿತು. ಇನ್ನೊಬ್ಬ ಹಾಯಿದೋಣಿಗೆ ಹಾರಿ, ಅದನ್ನು ಎಳೆದೊಯ್ಯಲು ಅಡ್ಡವಾಗಿದ್ದ ಹಗ್ಗ ಬಿಚ್ಚಿ, ಸೈಕಲ್ ಟ್ಯೂಬನ್ನು ಕಸವೆಂದು ಸಮುದ್ರಕ್ಕೆಸೆದ. ಜಗತ್ತಿನಲ್ಲಿದ್ದ ಒಂದೇ ಸಾಕ್ಷಿ ಹೀಗೆ ಮುಳುಗಿತು. ಬಂದರಿನಲ್ಲಿ ಪೊಲೀಸಿನವನು ಕಂಬಳಿ ಹೊದ್ದ ನೊಸಾಕಾನನ್ನು ಸುತ್ತಲೂ ಮುಟ್ಟಿ ಪರೀಕ್ಷಿಸಿದ.

"ಅಂಗಿ ಒಣಗಿದೆಯಲ್ಲ?" ಎಂದ.

"ಗಾಳಿ ಇದ್ಯಲ್ಲಪ್ಪಾ," ಎಂದಳು ಮಸುಯೊ ಅಜ್ಜಿ. "ನನ್ನ ಮೀನೂ ಒಣಗಿದಾವೆ."

"ಎಡಗಾಲು ಒದ್ದೆ ಇದೆ," ಎಂದು ಪೊಲೀಸಿನವನು ಸಮಾಧಾನದಿಂದ ಬರೆದುಕೊಂಡ.

"ಅದು ನನ್ನನ್ನ ಕಾಪಾಡುವಾಗ ಒದ್ದೆಯಾಗಿದ್ದು," ಎಂದ ನೊಸಾಕಾ.

ಯಾರೂ ಕೇಳಿಸಿಕೊಳ್ಳಲಿಲ್ಲ. ಯೊಶಿನೊ ಆಗಲೇ ನಲವತ್ತು ಜನರ ಮುಂದೆ ಏತದ ಮರದ ಹಾಗೆ ಬಗ್ಗಿ ಏಳುತ್ತ, ನಮ್ಮಿಂದ ಎಲ್ಲರಿಗೂ ತೊಂದರೆಯಾಯಿತು ಎಂದು ಕ್ಷಮೆ ಕೇಳುತ್ತಿದ್ದಳು.

ಮರುದಿನ ಅವಳು ಹೂರಣದ ಸಿಹಿಯ ಹನ್ನೊಂದು ಡಬ್ಬಿ ತಂದಳು. ಕಾಪಾಡಿದವರ ಮನೆಮನೆಗೆ ಹೋಗಿ ಡಬ್ಬಿ ಕೊಟ್ಟು ಕ್ಷಮೆ ಬೇಡುವುದು ಊರಿನ ಪದ್ಧತಿ. ಡಬ್ಬಿಯ ಮೇಲಿನ ಬಿಳೀ ಕಾಗದದಲ್ಲಿ 'ಕ್ಷಮಾಪಣೆ' ಎಂದು ಕುಂಚದಿಂದ ಬರೆಯಬೇಕು. ನೊಸಾಕಾ ಕುಂಚ ಹಿಡಿದು ಕುಳಿತು ಹನ್ನೊಂದರ ಮೇಲೂ 'ಧನ್ಯವಾದ' ಎಂದು ಬರೆದ.

"ಏನ್ರೀ ಇದು?"

"ಕೆಲಸ ಬಿಟ್ಟು ಬಂದ್ರು, ಅದಕ್ಕೆ ಧನ್ಯವಾದ. ಆದ್ರೆ ನಾನು ಬಿದ್ದಿಲ್ಲ. ಬೀಳದೇ ಇರೋದಕ್ಕೆ ಕ್ಷಮೆ ಹೇಗೆ ಕೇಳ್ಲಿ?"

"ಬಿದ್ದೆ ಅಂದ್ರೆ ನಿಮ್ಮ ಗಂಟೇನು ಹೋಗತ್ತೆ? ನಾನು ಮದುವೆಯಾದಾಗಿನಿಂದ ಮಾಡದ ತಪ್ಪಿಗೆಲ್ಲ ಕ್ಷಮೆ ಕೇಳ್ಕೊಂಡೇ ಬಂದಿದ್ದೀನಿ. ನನಗೇನಾಗಿದೆ?"

ನೊಸಾಕಾ ಕುಂಚ ತೊಳೆದಿಟ್ಟ. ಕಾಗದ ಬದಲಿಸಲಿಲ್ಲ. ಹನ್ನೊಂದು ಮನೆಯಲ್ಲೂ ಸಿಹಿಯನ್ನು ನಗುತ್ತಲೇ ತೆಗೆದುಕೊಂಡರು. "ಪಾಪ, ನೀರು ತಣ್ಣಗಿತ್ತಾ?" ಎಂದು ಕೇಳಿದರು. "ಬಿದ್ದಿಲ್ಲ," ಎಂದು ಅವನು ಹೇಳಿದೊಡನೆ ಡಬ್ಬಿ ಅವನ ಕೈಗೇ ವಾಪಸು ಬಂತು. ಒಬ್ಬರು ಆಗಲೇ ಒಂದು ಬಾಯಿಗೆ ಹಾಕಿಕೊಂಡಿದ್ದರು. ಅದನ್ನು ನುಂಗಿ ಉಳಿದದ್ದನ್ನು ಕೊಟ್ಟರು. ಬೆನ್ನ ಹಿಂದೆ ಬೀದಿಯ ಮಾತು ಕೇಳಿಸಿತು. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರಲ್ಲ, ಇದೇ ನೋಡು."

ಊರಿನ ಕಷ್ಟವನ್ನೂ ಸ್ವಲ್ಪ ನೋಡಬೇಕು. ನೊಸಾಕಾ ಬಿದ್ದಿದ್ದರೆ ಹನ್ನೊಂದು ದೋಣಿಗಳು ಒಂದು ಜೀವ ಉಳಿಸಿದವು. ಬಿದ್ದಿಲ್ಲದಿದ್ದರೆ, ಗುಡ್ಡ ಅಗೆದು ಇಲಿ ಹಿಡಿದ ಹಾಗೆ, ಅನ್ನದುಂಡೆ ತಿಂದು ಮಲಗಿದ್ದ ಕ್ಷೌರಿಕನೊಬ್ಬನನ್ನು ಎಬ್ಬಿಸಿ ಬಂದವು. ಇವೆರಡರಲ್ಲಿ ಯಾವ ಊರು ತಾನೇ ಎರಡನೆಯದನ್ನು ಆರಿಸಿಕೊಳ್ಳುತ್ತದೆ? ಸಂಘದ ನಿಯಮವೂ ಸ್ಪಷ್ಟವಾಗಿತ್ತು. ಸಮುದ್ರಕ್ಕೆ ಬಿದ್ದವನು ತೊಂದರೆಗೆ ಸಿಕ್ಕವನು, ಅವನ ತಪ್ಪಿಲ್ಲ. ಬೀಳದೆಯೇ ಸಂಘದ ದೋಣಿಗಳನ್ನು ಓಡಿಸಿದವನು ತೊಂದರೆ ಕೊಟ್ಟವನು, ಅವನ ಗೂಟ ಕೀಳಬೇಕು. ಗೂಟ ಹೋದರೆ ದೋಣಿಯೂ ಹೋದಂತೆಯೇ. ದ್ವೀಪದಲ್ಲಿ ಬೇರೆ ಬಂದರಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಸಭೆ ಎಂದು ಚೀಟಿ ಬಂತು.

ಸಭೆಯ ಹಿಂದಿನ ದಿನ ದೊಯಿ ಗಡ್ಡ ಹೆರೆಸಲು ಬಂದರು. ನೊಸಾಕಾ ಕುರ್ಚಿ ಮಲಗಿಸಿ ನೊರೆ ಹಚ್ಚಿದ.

"ನೋಡು ನೊಸಾಕಾ," ಎಂದರು ದೊಯಿ, "ನಾನೇನು ನಿನ್ನ ಶತ್ರು ಅಲ್ಲ. ನಾಳೆ ಬಿದ್ದೆ ಅಂದ್ಬಿಡು. ಚರಂಡಿ ಪಕ್ಕದ್ದು ಬಿಟ್ಟು ಒಳಗಿನ ಗೂಟ ಕೊಡಿಸ್ತೀನಿ."

"ಮಾತಾಡ್ಬೇಡಿ ಅಧ್ಯಕ್ಷರೇ. ಕತ್ತಿ ಗಂಟಲ ಹತ್ರ ಇದೆ."

ಕತ್ತಿ ಕೆನ್ನೆಗೆ ಹೋದಮೇಲೆ ದೊಯಿ ಮತ್ತೆ ಶುರುಮಾಡಿದರು. "ಒಂದು ಸಲ ಬಿದ್ರೆ ನಿನಗೇನೋ ನಷ್ಟ? ನಾನು ಮೂರು ಸಲ ಬಿದ್ದಿದ್ದೀನಿ."

"ನೀವು ನಿಜವಾಗ್ಲೂ ಬಿದ್ದಿದ್ರಿ."

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಹಟ ನಿಂದು. ಅಲ್ಲಯ್ಯಾ, ಐವತ್ತು ವರ್ಷದಿಂದ ನಾನು ಚುಕ್ಕಾಣಿ ಹಿಡೀತಿದ್ದೀನಿ. ಈ ಬೆರಳು ನೋಡು, ನೆಟ್ಟಗಾಗಲ್ಲ. ಕೈ ಬಿಟ್ರೂ ದೋಣಿ ನೆಟ್ಟಗೆ ಹೋಗತ್ತೆ ಅಂತ ಒಬ್ಬ ಕ್ಷೌರಿಕ ಬಂದು ಹೇಳಿದ್ರೆ, ನಾನು ಐವತ್ತು ವರ್ಷ ಏನು ಹಿಡ್ಕೊಂಡಿದ್ದೆ?"

ನೊಸಾಕಾನ ಕೈ ತಡೆಯಿತು. ಆ ಬೆರಳುಗಳು ನಿಜವಾಗಿಯೂ ಕೊಕ್ಕೆಗಳಂತೆ ಬಗ್ಗಿಯೇ ಉಳಿದಿದ್ದವು. ಪಾಪ ಅನ್ನಿಸಿತು. "ನೀವು ಹಿಡಿದದ್ದು ಸುಳ್ಳು ಅಂತ ನಾನು ಹೇಳ್ತಿಲ್ಲ ಅಧ್ಯಕ್ಷರೇ," ಎಂದು ಮೆಲ್ಲಗೆ ಹೇಳಿದ. "ನಾನು ಬಿಟ್ಟದ್ದೂ ಸುಳ್ಳಲ್ಲ ಅಂತೀನಿ, ಅಷ್ಟೆ." ಆಮೇಲೆ ಇನ್ನೊಂದು ಕೆನ್ನೆಯನ್ನು ಎಂದಿಗಿಂತ ನುಣ್ಣಗೆ ಹೆರೆದು ಕಳಿಸಿದ.

ಸೋಮವಾರ ಸಂಘದ ಚಾವಡಿಯಲ್ಲಿ ಚಾಪೆಯ ಮೇಲೆ ಎಲ್ಲರೂ ಮಂಡಿಯೂರಿ ಕುಳಿತರು. ಹನ್ನೊಂದು ದೋಣಿಯವರು, ಪೊಲೀಸಿನವನು, ಕಣ್ಣಾರೆ ಕಂಡವಳೆಂಬ ಹೆಮ್ಮೆಯಿಂದ ಮುಂದಿನ ಸಾಲಿನಲ್ಲಿ ಮಸುಯೊ ಅಜ್ಜಿ, ಹಿಂದೆ ಗೋಡೆಗೆ ಒರಗಿ ಯೊಶಿನೊ. ನೊಸಾಕಾನನ್ನು ನಡುವೆ ಕೂರಿಸಿದರು. ಅವನು ಎರಡೂ ಅಂಗೈ ಊರಿ, ಹಣೆ ಚಾಪೆಗೆ ತಾಗುವವರೆಗೆ ಬಗ್ಗಿದ. ಚಾವಡಿಯ ತುಂಬ ನೆಮ್ಮದಿಯ ಉಸಿರು ಕೇಳಿಸಿತು. ಒಬ್ಬರಂತೂ ಚಹಾ ತರಲು ಏಳುವುದರಲ್ಲಿದ್ದರು.

ಹಣೆಯನ್ನು ಚಾಪೆಯಿಂದ ಎತ್ತದೆಯೇ ನೊಸಾಕಾ ಹೇಳಿದ: "ನಾನು ಬೀಳಲಿಲ್ಲ."

ಗದ್ದಲವೆದ್ದಿತು. ನಾನು ಖಾಲಿ ದೋಣಿ ನೋಡಿದ್ದು ಸುಳ್ಳಾ ಎಂದು ಅಜ್ಜಿ ಎದೆ ಬಡಿದುಕೊಂಡಳು. ಒದ್ದೆ ಎಡಗಾಲಿನ ವರದಿಯನ್ನು ಪೊಲೀಸಿನವನು ಎರಡು ಸಲ ಓದಿದ. ಗೂಟ ಕೀಳಿ, ಕೀಳಿ ಎಂದು ಹಿಂದಿನ ಸಾಲಿನವರು ಕೂಗಿದರು. ನೊಸಾಕಾ ಚಾಪೆಗೆ ಅಂಟಿಕೊಂಡೇ ಇದ್ದ.

"ಗೂಟ ಕೀಳಿ," ಎಂದ ಅಲ್ಲಿಂದಲೇ. "ಆದ್ರೆ ಕೀಳೋ ಮೊದಲು ಒಂದು ಸಲ ನೋಡಿ. ತಡೆಗೋಡೆ ತುದಿಯಿಂದ ಆಚೆ ನೀರಲ್ಲಿರೋ ಕೆಂಪು ದೀಪದ ಕಂಬದವರೆಗೆ. ಚುಕ್ಕಾಣಿ ಮುಟ್ಟದೆ ಹೋಗ್ತೀನಿ. ದೋಣಿ ಆಚೀಚೆ ತಿರುಗಿದ್ರೆ ಗೂಟ ನಾನೇ ಕಿತ್ತು ತಂದ್ಕೊಡ್ತೀನಿ."

ದೊಯಿ ಬಹಳ ಹೊತ್ತು ತಮ್ಮ ಬೆರಳು ನೋಡಿಕೊಂಡರು. "ಆಯ್ತು. ಆದ್ರೆ ಕದ್ದು ಮುಟ್ಟೋ ಹಾಗಿಲ್ಲ. ಮುಂದೆ ಹಾಯಿಕಂಬದ ಹತ್ರ ನಿಂತ್ಕೋಬೇಕು. ಎರಡೂ ಕೈ ತಲೆ ಮೇಲಿರ್ಬೇಕು. ಪೂರ್ತಿ ದಾರಿ."

"ಕಳ್ಳರು ಸಿಕ್ಕಿಬಿದ್ದಾಗ ಎತ್ತೋ ಹಾಗೆ," ಎಂದು ಪೊಲೀಸಿನವನು ವಿವರಿಸಿದ.

ನೊಸಾಕಾ ಒಪ್ಪಿದ. ಹೊರಗೆ ಬಂದಮೇಲೆ ಅವನಿಗೆ ನೆನಪಾಯಿತು, ಟ್ಯೂಬು ಸಮುದ್ರದ ತಳದಲ್ಲಿದೆ. ಇದ್ದ ಒಂದೇ ಹಳೇ ಟ್ಯೂಬು ಅದು. ಹೊಸದು ಬೇಕೆಂದರೆ ಆಚೆ ದಡಕ್ಕೆ ಹೋಗಬೇಕು. ಊರೆಲ್ಲ ತಡೆಗೋಡೆಗೆ ನಡೆಯುತ್ತಿರುವಾಗ ಅವನು ದಾರಿಯ ಮಧ್ಯೆ ನಿಂತುಬಿಟ್ಟ. ಯೊಶಿನೊ ಚಾವಡಿಯ ಗೋಡೆಗೆ ಒರಗಿಸಿದ್ದ ತನ್ನ ಸೈಕಲ್ಲಿನ ಹತ್ತಿರ ಹೋದಳು. ಅದನ್ನು ತಲೆಕೆಳಗು ಮಾಡಿ, ಹಿಂದಿನ ಚಕ್ರದ ಟೈರು ಕಿತ್ತು, ಟ್ಯೂಬನ್ನು ಹೊರಗೆಳೆದಳು.

"ಅಂಗಡಿ ಸಾಮಾನಿಗೆ ನೀನು ನಡ್ಕೊಂಡು ಹೋಗ್ಬೇಕಾಗತ್ತೆ," ಎಂದ ನೊಸಾಕಾ.

"ನಡೀತೀನಿ. ಹನ್ನೊಂದು ಡಬ್ಬಿ ಸಿಹಿ ನಾನೊಬ್ಬಳೇ ತಿಂದು ಮುಗಿಸ್ತಿದ್ದೀನಿ, ನಡೆದ್ರೆ ಒಳ್ಳೇದೇ," ಎಂದು ಯೊಶಿನೊ ಟ್ಯೂಬನ್ನು ಅವನ ಹೆಗಲಿಗೆ ಹಾಕಿದಳು. "ಆದ್ರೆ ಒಂದು ಹೇಳ್ತೀನಿ ಕೇಳಿ. ನೆಟ್ಟಗೆ ಹೋಗದೆ ಇದ್ರೆ ಮನೆಗೆ ಬರ್ಬೇಡಿ."

ಗಾಳಿ ಪಕ್ಕದಿಂದ ಹದವಾಗಿ ಬೀಸುತ್ತಿತ್ತು. ಹನ್ನೊಂದು ದೋಣಿಗಳು ದಾರಿಯ ಎರಡು ಬದಿಗೆ ಸಾಲಾಗಿ ನಿಂತವು. ನೊಸಾಕಾ ಜೀವರಕ್ಷಕ ಅಂಗಿಯ ಗುಂಡಿ ಹಾಕಿಕೊಂಡ. ಹಾಯಿ ಎತ್ತಿ, ಗುರಿ ಹಿಡಿದು, ಒಂದು ಕಡೆ ಹಗ್ಗ ಇನ್ನೊಂದು ಕಡೆ ಟ್ಯೂಬು ಕಟ್ಟಿ, ಎರಡು ಸಲ ಎಳೆದು ನೋಡಿ, ಮುಂದೆ ಹೋಗಿ ಹಾಯಿಕಂಬದ ಪಕ್ಕದಲ್ಲಿ ಎರಡೂ ಕೈ ಎತ್ತಿ ನಿಂತ. ದೋಣಿ ಹೊರಟಿತು.

ಮೊದಲ ದೋಣಿ ದಾಟಿತು, ಎರಡನೆಯದು ದಾಟಿತು. ನಡುವೆ ಗಾಳಿಯೊಂದು ರಭಸದಿಂದ ಬಂತು. ಹಗ್ಗ ಬಿಗಿಯಿತು, ಕೋಲು ಒಂದು ಬೆರಳಿನಷ್ಟು ಸರಿಯಿತು, ಗಾಳಿ ಹೋದಮೇಲೆ ಟ್ಯೂಬು ಅದನ್ನು ಮತ್ತೆ ಸ್ವಸ್ಥಾನಕ್ಕೆ ತಂದಿತು. ಅರ್ಧ ದಾರಿ ಕಳೆದಾಗ ದೊಯಿಯವರಿಗೆ ತಡೆಯಲಾಗಲಿಲ್ಲ. ಎಲ್ಲೋ ಕಣ್ಣಿಗೆ ಕಾಣದ ದಾರವಿರಬೇಕೆಂದು ಪರೀಕ್ಷಿಸಲು ತಮ್ಮ ದೋಣಿಯನ್ನು ಸರ್ರನೆ ಪಕ್ಕಕ್ಕೆ ತಂದರು. ಅದರ ಎಂಜಿನ್ ಎಬ್ಬಿಸಿದ ಅಲೆ ಹಾಯಿದೋಣಿಯ ತಳಕ್ಕೆ ಬಡಿಯಿತು. ಯಾವನೇ ಆದರೂ ಆಗ ಹಾಯಿಕಂಬ ಹಿಡಿದುಕೊಳ್ಳುತ್ತಿದ್ದ. ನೊಸಾಕಾ ಹಿಡಿಯಲಿಲ್ಲ. ಕೈ ಕೆಳಗಿಳಿಸಿದರೆ ಮುಟ್ಟಿದ ಅಂದಾರು. ಎರಡೂ ಕೈ ತಲೆಯ ಮೇಲೆಯೇ ಇಟ್ಟುಕೊಂಡು, ನೆಟ್ಟಗೆ, ಪಕ್ಕಕ್ಕೆ, ಸಮುದ್ರಕ್ಕೆ ಬಿದ್ದ.

ಮುಳುಗಿ, ಮೇಲೆ ಬಂದು, ಉಪ್ಪುನೀರು ಉಗಿದು ನೋಡಿದ. ದೋಣಿ ಒಮ್ಮೆ ಹೊಯ್ದಾಡಿತು. ಕೋಲು ಆ ಕಡೆ ಒಂದು ಬೆರಳು, ಈ ಕಡೆ ಒಂದು ಬೆರಳು ಆಡಿ ನಿಂತಿತು. ಒಳಗೆ ಈ ಸಲ ನಿಜವಾಗಿಯೂ ಯಾರೂ ಇರಲಿಲ್ಲ. ಖಾಲಿ ದೋಣಿ ಮೂತಿ ಕೂಡ ತಿರುಗಿಸದೆ ಕೆಂಪು ದೀಪದ ಕಂಬದ ಕಡೆ ನಡೆಯಿತು.

"ಬರ್ಕೊಳ್ಳಿ," ಎಂದು ನೊಸಾಕಾ ನೀರಿನೊಳಗಿಂದ ಕೂಗಿದ. "ಈಗ ಬಿದ್ದಿದ್ದೀನಿ. ಇವತ್ತಿನ ತಾರೀಕು ಹಾಕಿ ಬರ್ಕೊಳ್ಳಿ. ಆವತ್ತು ಬಿದ್ದಿರಲಿಲ್ಲ."

ಬರೆದುಕೊಳ್ಳುವವರು ಯಾರು? ಹನ್ನೊಂದು ದೋಣಿಗಳೂ ಎಂಜಿನ್ ಹಚ್ಚಿ ಖಾಲಿ ದೋಣಿಯ ಹಿಂದೆ ಹೊರಟಿದ್ದವು. ಎಲ್ಲರಿಗಿಂತ ಮುಂದೆ ದೊಯಿ, ತಮ್ಮ ಚುಕ್ಕಾಣಿಯನ್ನು ಮರೆತು ಎದ್ದು ನಿಂತು, "ನೆಟ್ಟಗೆ ಹೋಗ್ತಿದೆ ಕಣ್ರೋ, ನೆಟ್ಟಗೇ ಹೋಗ್ತಿದೆ," ಎನ್ನುತ್ತಿದ್ದರು. ತಡೆಗೋಡೆಯ ಮೇಲಿದ್ದವರು ಇನ್ನೂ ಚೆನ್ನಾಗಿ ಕಾಣಲೆಂದು ತುದಿಗೆ ಓಡಿದ್ದರು. ಯೊಶಿನೊ ಎಲ್ಲರನ್ನೂ ತಳ್ಳಿಕೊಂಡು ಮುಂದಿನ ಸಾಲಿಗೆ ಹೋಗಿ ದೀಪದ ಕಂಬದ ಕಡೆ ಕೈ ಬೀಸುತ್ತಿದ್ದಳು. ನೊಸಾಕಾ ತಣ್ಣನೆಯ ನೀರಿನಲ್ಲಿ ಅಂಗಾತ ತೇಲುತ್ತ ಕಾದ. ಬೀಳದಿದ್ದಾಗ ಓಡಿಬಂದಿದ್ದ ಇಡೀ ಊರು ಈಗ ಅವನಿಗೆ ಬೆನ್ನು ಹಾಕಿ ಅವನ ದೋಣಿಯನ್ನು ನೋಡುತ್ತ ನಿಂತಿತ್ತು. ಇಷ್ಟು ದೊಡ್ಡ ಮರ್ಯಾದೆ ಅವನಿಗೆ ಹುಟ್ಟಿದಾರಭ್ಯ ಸಿಕ್ಕಿರಲಿಲ್ಲ.